ಬೀಜಭಾಗವೂ ಸಂತಾನವೂ: ಸುಂಡಿಲಿಗಳಿಂದ ತಿಳಿದುಬಂದ ಒಂದು ಸಂಗತಿಯ ಚರಿತ್ರೆ

ಋಷ್ಯಶೃಂಗನ ಹೆಸರಿನಿಂದ ಪ್ರಸಿದ್ಧವಾದ ನಮ್ಮ ಶೃಂಗಗಿರಿಯ ಸೀಮೆಯಲ್ಲಿ ಸಂತಾನದ ಮಾತು ಹೊಸದಲ್ಲ. ಕಿಗ್ಗದ ದೇವಾಲಯಕ್ಕೆ ಜನರು ಮಳೆಯನ್ನು ಬೇಡುವುದಕ್ಕೂ, ಅತಿವೃಷ್ಟಿಯಾದಾಗ ಅದನ್ನು ನಿಲ್ಲಿಸೆಂದು ಬೇಡುವುದಕ್ಕೂ ಹೋಗುವುದನ್ನು ಎಲ್ಲರೂ ಬಲ್ಲರು. ರಾಮಾಯಣವನ್ನು ಓದಿದವರಿಗೆ ಆ ಮುನಿಯ ಇನ್ನೊಂದು ಕಾರ್ಯವೂ ನೆನಪಿಗೆ ಬರುವುದು: ಮಕ್ಕಳಿಲ್ಲದ ದಶರಥನಿಗಾಗಿ ಪುತ್ರಕಾಮೇಷ್ಟಿಯನ್ನು ನಡೆಯಿಸಿಕೊಟ್ಟವನು ಅವನೇ. ಆ ಕಥೆಯಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮೂವರು ಪಟ್ಟದರಸಿಯರಿದ್ದರೂ ಅಪುತ್ರತ್ವದ ಚಿಂತೆಯನ್ನು ಹೊತ್ತವನು ಅರಸನು. ಯಾಗದೀಕ್ಷೆಯನ್ನು ವಹಿಸಿದವನೂ ಅರಸನೇ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಹಳ್ಳಿಗಳಲ್ಲಿ ಕಾಣುವ ರೀತಿ ಬೇರೆ. ಮದುವೆಯಾಗಿ ನಾಲ್ಕೈದು ವರ್ಷಗಳಾದರೂ ತೊಟ್ಟಿಲು ಕಟ್ಟದ ಮನೆಯಲ್ಲಿ ಮಾತೆಲ್ಲ ಸೊಸೆಯ ತಲೆಯ ಮೇಲೆಯೇ ಬೀಳುವುದು. ಹರಕೆ ಹೊರಬೇಕಾದವಳು ಅವಳು, ಕಷಾಯ ಕುಡಿಯಬೇಕಾದವಳು ಅವಳು, ಸೀಮಂತದ ಆರತಿಗೆ ಕರೆ ಬರದೆ ಒಳಗೆ ಕುಳಿತುಕೊಳ್ಳಬೇಕಾದವಳೂ ಅವಳೇ. ‘ಬಂಜೆ’ ಎಂಬ ಮಾತಿಗೆ ನಮ್ಮ ಆಡುನುಡಿಯಲ್ಲಿ ಪುಲ್ಲಿಂಗರೂಪವೇ ಇಲ್ಲ. ಸಂಸ್ಕೃತದಲ್ಲಿ ‘ವಂಧ್ಯ’ ಎಂಬುದು ಉಭಯಲಿಂಗಗಳಲ್ಲಿಯೂ ನಡೆಯುತ್ತದೆ.

ಪ್ರಕೃತ ಲೇಖನದಲ್ಲಿ ನಾನು ಹೇಳಲುದ್ದೇಶಿಸಿರುವುದು ಒಂದು ಪ್ರಶ್ನೆಯ ಚರಿತ್ರೆಯನ್ನು. ಮೆದುಳಿನ ಬುಡದಲ್ಲಿರುವ ಕಡಲೆಕಾಳಿನಷ್ಟು ಗಾತ್ರದ ಗ್ರಂಥಿಯೊಂದು ರಕ್ತದಲ್ಲಿ ಸ್ರವಿಸುವ ಒಂದು ದ್ರವ್ಯವು ಸ್ತ್ರೀಯ ಸಂತಾನಶಕ್ತಿಗೂ ಪುರುಷನ ಸಂತಾನಶಕ್ತಿಗೂ ಸಮಾನವಾಗಿ ಕಾರಣವೆ, ಅಲ್ಲವೆ ಎಂಬುದೇ ಆ ಪ್ರಶ್ನೆ. ಇದನ್ನು ಬೆಂಗಳೂರಿನಲ್ಲಿ ಮಂಗಗಳಿಂದಲೂ, ಅಮೆರಿಕ ಮತ್ತು ಫ್ರಾನ್ಸ್ ದೇಶಗಳಲ್ಲಿ ಸುಂಡಿಲಿಗಳಿಂದಲೂ ಶೋಧಿಸಿದರು. ಬಂದ ಉತ್ತರಗಳು ಮೊದಲು ಪರಸ್ಪರ ವಿರುದ್ಧವಾಗಿ ಕಂಡವು. ಆ ವಿರೋಧವು ಹೇಗೆ ಹುಟ್ಟಿತು, ಎಷ್ಟರ ಮಟ್ಟಿಗೆ ಪರಿಹಾರವಾಯಿತು ಎಂಬುದು ತರ್ಕಶಾಸ್ತ್ರದಲ್ಲಿ ಅಲ್ಪಸ್ವಲ್ಪ ಪರಿಶ್ರಮವುಳ್ಳವರಿಗೆ ರುಚಿಸುವ ವಿಷಯವಾದುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭೋತ್ಪತ್ತಿಯನ್ನು ವಿಚಾರಿಸುವ ಅಧ್ಯಾಯಗಳಿವೆ. ಬೀಜದಲ್ಲಿ ಒಂದೊಂದು ಅವಯವಕ್ಕೂ ಕಾರಣವಾದ ಒಂದೊಂದು ಭಾಗವಿರುವುದೆಂದೂ, ಯಾವ ಭಾಗವು ಕೆಟ್ಟಿರುವುದೋ ಆ ಅವಯವಕ್ಕೆ ಮಾತ್ರ ಶಿಶುವಿನಲ್ಲಿ ವಿಕಾರವುಂಟಾಗುವುದೆಂದೂ, ಕೆಡದ ಭಾಗದ ಅವಯವವು ಸ್ವಸ್ಥವಾಗಿಯೇ ಇರುವುದೆಂದೂ ಅಲ್ಲಿ ಪ್ರತಿಪಾದಿಸಲ್ಪಟ್ಟಿದೆ. ಗರ್ಭಾಶಯಕ್ಕೆ ಕಾರಣವಾದ ಬೀಜಭಾಗವು ಕೆಟ್ಟರೆ ಹುಟ್ಟುವ ಹೆಣ್ಣುಮಗು ವಂಧ್ಯೆಯಾಗುವುದೆಂದು ಹೇಳಿ ಆಚಾರ್ಯನು ಸುಮ್ಮನಾಗುವುದಿಲ್ಲ. ಪುರುಷನ ಬೀಜಕ್ಕೆ ಕಾರಣವಾದ ಭಾಗವು ಕೆಟ್ಟರೆ ಗಂಡು ವಂಧ್ಯನಾಗುವನೆಂದೂ ಕೂಡಲೇ ಹೇಳುತ್ತಾನೆ. ಇಷ್ಟನ್ನು ಹಿಡಿದುಕೊಂಡು ನಮ್ಮ ಪೂರ್ವಿಕರಿಗೆ ಜೀನುಗಳೆಲ್ಲ ತಿಳಿದಿದ್ದುವೆಂದು ಸಭೆಗಳಲ್ಲಿ ಗರ್ಜಿಸುವವರಿದ್ದಾರೆ. ಹಾಗೆ ಹೇಳುವುದು ಚರಕನಿಗೆ ಗೌರವವನ್ನು ತರುವ ಮಾತಲ್ಲ. ಅವನದು ಉತ್ತಮವಾದ ಊಹೆ. ಆದರೆ ಒಂದು ಬೀಜಭಾಗವನ್ನು ಬೇಕೆಂದೇ ಕೆಡಿಸಿ, ಉಳಿದುದೆಲ್ಲವನ್ನೂ ಹಾಗೆಯೇ ಬಿಟ್ಟು, ಫಲವೇನಾಗುವುದೆಂದು ನೋಡುವ ಉಪಾಯವು ಅವನಿಗಿರಲಿಲ್ಲ. ಆ ಉಪಾಯವು ಲೋಕಕ್ಕೆ ದೊರೆತದ್ದು ೧೯೮೦ರ ಈಚೆಗೆ.

ನೈಯಾಯಿಕರು ಕಾರಣವನ್ನು ನಿರ್ಣಯಿಸಲು ಅನ್ವಯ, ವ್ಯತಿರೇಕ ಎಂಬ ಎರಡು ದಾರಿಗಳನ್ನು ಹೇಳುತ್ತಾರೆ. ಇದಿದ್ದರೆ ಅದುಂಟು ಎಂಬುದು ಅನ್ವಯ. ಇದಿಲ್ಲದಿದ್ದರೆ ಅದಿಲ್ಲ ಎಂಬುದು ವ್ಯತಿರೇಕ. ದೇಹದ ವಿಷಯದಲ್ಲಿ ಅನ್ವಯವನ್ನು ತೋರಿಸುವುದು ಸುಲಭ, ವ್ಯತಿರೇಕವನ್ನು ತೋರಿಸುವುದು ಬಹು ಕಷ್ಟ. ಒಂದನ್ನು ತೆಗೆಯಹೋದರೆ ಹತ್ತು ಹೋಗುತ್ತವೆ.

ಮೇಲೆ ಹೇಳಿದ ಗ್ರಂಥಿಗೆ ಪಿಟ್ಯುಟರಿ ಎಂದು ಹೆಸರು. ಅದಕ್ಕೂ ಸಂತಾನಕ್ಕೂ ಇರುವ ಸಂಬಂಧವು ಮೊಟ್ಟಮೊದಲು ಸ್ಪಷ್ಟವಾದದ್ದು ಸುಂಡಿಲಿಗಳ ಮತ್ತು ದೊಡ್ಡ ಇಲಿಗಳ ದೆಸೆಯಿಂದಲೇ. ೧೯೨೭ರ ಸುಮಾರಿನಲ್ಲಿ ಅಮೆರಿಕದ ಫಿಲಿಪ್ ಸ್ಮಿತ್ ಎಂಬವರೂ, ಬರ್ಲಿನ್ನಿನ ಆಷ್‌ಹೈಮ್ ಮತ್ತು ಜೋಂಡೆಕ್ ಎಂಬವರೂ ಈ ಗ್ರಂಥಿಯ ತುಣುಕನ್ನು ಇನ್ನೂ ಪ್ರಾಯಕ್ಕೆ ಬಾರದ ಮರಿಗಳ ಮೈಯಲ್ಲಿ ಸೇರಿಸಿದಾಗ ಅವು ಕಾಲಕ್ಕೆ ಮೊದಲೇ ಪ್ರಾಯಕ್ಕೆ ಬಂದವು. ಗರ್ಭಿಣಿಯರ ಮೂತ್ರಕ್ಕೂ ಇಂಥ ಶಕ್ತಿಯಿರುವುದನ್ನು ಬರ್ಲಿನ್ನಿನವರು ಕಂಡು, ಮೂತ್ರವನ್ನು ಎಳೆಯ ಸುಂಡಿಲಿಗಳಿಗೆ ಚುಚ್ಚಿ ಹೆಂಗಸು ಬಸುರಿಯೋ ಅಲ್ಲವೋ ಎಂದು ತಿಳಿಯುವ ಪರೀಕ್ಷೆಯನ್ನೇ ಕಟ್ಟಿದರು. ೧೯೩೧ರಲ್ಲಿ ಅಮೆರಿಕದ ಫೆವೋಲ್ಡ್, ಹಿಸಾ, ಲಿಯೊನಾರ್ಡ್ ಎಂಬ ಮೂವರು ಗ್ರಂಥಿಯ ಸಾರದಲ್ಲಿ ಎರಡು ಬೇರೆ ಬೇರೆ ದ್ರವ್ಯಗಳಿರುವುದನ್ನು ವಿಂಗಡಿಸಿದರು. ಅಂಡಾಶಯದಲ್ಲಿ ಅಂಡವನ್ನು ಒಳಗಿಟ್ಟುಕೊಂಡು ಬೆಳೆಯುವ ಸಣ್ಣ ಚೀಲಗಳನ್ನು ಅಂಡಪುಟಕಗಳೆನ್ನೋಣ. ಆ ಪುಟಕಗಳನ್ನು ಬೆಳೆಯಿಸುವುದು ಒಂದು ದ್ರವ್ಯ. ಇದನ್ನು ವೈದ್ಯರು ಎಫ್.ಎಸ್.ಎಚ್. ಎಂದು ಕರೆಯುತ್ತಾರೆ. ಪಕ್ವವಾದ ಪುಟಕವನ್ನು ಬಿರಿಯಿಸಿ ಅಂಡವನ್ನು ಹೊರಕ್ಕೆ ಬಿಡುವುದು ಇನ್ನೊಂದು, ಅದಕ್ಕೆ ಎಲ್.ಎಚ್. ಎಂದು ಹೆಸರು. ಗಂಡಸಿನಲ್ಲಿ ಎಲ್.ಎಚ್. ವೃಷಣದಿಂದ ಪುರುಷತ್ವದ ಸ್ರಾವವನ್ನು ಹೊರಡಿಸುವುದೆಂದೂ, ಎಫ್.ಎಸ್.ಎಚ್. ರೇತಾಣುಗಳ ಉತ್ಪತ್ತಿಗೆ ಸಹಾಯಮಾಡುವುದೆಂದೂ ಕ್ರಮೇಣ ಹೇಳತೊಡಗಿದರು. ಹೆಣ್ಣಿನ ವಿಷಯದಲ್ಲಿ ಸಂದೇಹವು ಕಡಮೆಯಾಗಿತ್ತು. ಗಂಡಿನ ವಿಷಯದಲ್ಲಿ ‘ಸಹಾಯ’ವೆಂದರೇನು? ಅದಿಲ್ಲದಿದ್ದರೆ ರೇತಾಣುವೇ ಹುಟ್ಟದೋ, ಕಡಮೆಯಾಗಿ ಹುಟ್ಟುವುದೋ? ವಿವಾದವಿದ್ದುದು ಇಲ್ಲಿ.

ಈ ವಿವಾದಕ್ಕೆ ನಮ್ಮ ರಾಜ್ಯದವರು ಸೇರಿಕೊಂಡ ಬಗೆಯನ್ನು ಹೇಳಬೇಕು. ಸಂತಾನನಿಯಮನದ ವಿಷಯದಲ್ಲಿ ಮೈಸೂರು ಸಂಸ್ಥಾನವು ಹಿಂದೆ ಬಿದ್ದಿರಲಿಲ್ಲ. ೧೯೩೦ರಲ್ಲಿಯೇ ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಗರ್ಭನಿರೋಧದ ಸಲಹೆಯನ್ನು ಕೊಡುವ ಶಾಖೆಗಳನ್ನು ತೆರೆಯಲು ಆಜ್ಞೆಮಾಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು, ಎಂದರೆ ಅಲ್ಲಿಯ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ವಿದ್ಯಾಲಯವು, ೧೯೦೯ರಲ್ಲಿ ಸ್ಥಾಪಿತವಾದುದು. ಅಲ್ಲಿಯ ಜೀವರಸಾಯನ ವಿಭಾಗದಲ್ಲಿ ಎನ್. ಆರ್. ಮೌದ್ಗಲ್ ಎಂಬ ವಿದ್ವಾಂಸರು ಈ ಸ್ರಾವಗಳ ವಿಷಯದಲ್ಲಿ ದೀರ್ಘಕಾಲ ಶ್ರಮಿಸಿದರು. ಅವರು ಮೊದಲು ಕ್ಯಾಲಿಫೋರ್ನಿಯದಲ್ಲಿ ಪಿಟ್ಯುಟರಿ ಸ್ರಾವಗಳ ಶೋಧನೆಗೆ ಜಗತ್ಪ್ರಸಿದ್ಧರಾಗಿದ್ದ ಚೋ ಹಾವ್ ಲೀ ಎಂಬವರೊಡನೆ ಕೆಲಸ ಮಾಡಿ ಬಂದವರು.

ಅವರು ಹಿಡಿದ ಉಪಾಯವು ಸೊಗಸಾದುದು. ಗ್ರಂಥಿಯನ್ನೇ ಕತ್ತರಿಸಿ ತೆಗೆದರೆ ಎಲ್ಲ ಸ್ರಾವಗಳೂ ಒಟ್ಟಿಗೆ ಹೋಗುತ್ತವೆ. ಯಾವುದರ ಅಭಾವದಿಂದ ಏನಾಯಿತೆಂದು ತಿಳಿಯದು. ಅದರ ಬದಲು ಒಂದೇ ಒಂದು ಸ್ರಾವವನ್ನು ಹುಡುಕಿ ಹಿಡಿಯುವ ಪ್ರತಿಕಾಯವನ್ನು ಸಿದ್ಧಪಡಿಸಿ ರಕ್ತಕ್ಕೆ ಸೇರಿಸಿದರೆ ಆ ಒಂದು ಮಾತ್ರ ನಿಷ್ಫಲವಾಗಿ ಉಳಿದುವೆಲ್ಲ ಇದ್ದಂತೆಯೇ ಇರುತ್ತವೆ. ಸಿಡುಬಿಗೆ ದೇವಿ ಹಾಕಿಸಿಕೊಂಡವನ ರಕ್ತದಲ್ಲಿ ರೋಗವನ್ನೆದುರಿಸುವ ದ್ರವ್ಯವು ಹುಟ್ಟುತ್ತಿದ್ದಂತೆಯೇ ಇದೂ. ೧೯೬೮–೬೯ರ ಹೊತ್ತಿಗೆ ಮೌದ್ಗಲ್ ಅವರೂ, ಅವರ ಜೊತೆಗಾರರಾದ ಮಾಧ್ವರಾಜ್, ಸಾಯಿರಾಮ್ ಮೊದಲಾದವರೂ ಎಲ್.ಎಚ್. ಸ್ರಾವವನ್ನು ಹೀಗೆ ತಡೆದು, ಇಲಿಗಳಲ್ಲಿ ಗರ್ಭವು ನಿಲ್ಲುವುದಕ್ಕೆ ಅದು ಅವಶ್ಯಕವೆಂದು ತೋರಿಸಿದರು. ಸಾಯಿರಾಮ್ ಎಂಬ ಹೆಸರನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ಅನಿರೀಕ್ಷಿತವಾದೆಡೆಯಲ್ಲಿ ಬರುವುದು.

ಬಳಿಕ ಅವರು ಮಂಗಗಳನ್ನು ಆರಿಸಿಕೊಂಡರು. ಯಾವ ಮಂಗ? ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕೂದಲು ಹರಡಿಕೊಂಡಿರುವ, ದಕ್ಷಿಣದಲ್ಲಲ್ಲದೆ ಬೇರೆಲ್ಲಿಯೂ ಸಿಕ್ಕದ, ನಮ್ಮ ಬಾಳೆಗೊನೆಯನ್ನೂ ಏಲಕ್ಕಿಯ ಸುಳಿಯನ್ನೂ ಎಳೆಯಡಕೆಯನ್ನೂ ಉಳಿಯಗೊಡದ ಅದೇ ಕೆಂಪುಮೋರೆಯ ಮಂಗ. ಮುಸುವನಲ್ಲ. ತೋಟಕ್ಕೆ ಬಂದಾಗ ಕವಣೆಯನ್ನೆತ್ತಿಕೊಳ್ಳುವ ನಮಗೆ, ಈ ಪ್ರಾಣಿಯು ಮನುಷ್ಯನ ಸಂತಾನಶಾಸ್ತ್ರಕ್ಕೆ ಸಾಕ್ಷಿ ನುಡಿದಿದೆಯೆಂದರೆ ಆಶ್ಚರ್ಯವಾಗುವುದು ಸಹಜ. ಗಂಡುಮಂಗಗಳ ರಕ್ತದಲ್ಲಿ ಎಫ್.ಎಸ್.ಎಚ್. ಅನ್ನು ಪ್ರತಿಕಾಯದಿಂದ ತಡೆದಾಗ ರೇತಾಣುಗಳ ಸಂಖ್ಯೆಯು ಇಳಿದುಹೋಗಿ ಅವುಗಳ ಸಂತಾನಶಕ್ತಿಯು ಕುಂದಿತೆಂದು ೧೯೭೯ರಲ್ಲಿ ಪ್ರಕಟಿಸಿದರು. ಕುರಿಯ ಪಿಟ್ಯುಟರಿಯಿಂದ ತೆಗೆದ ಎಫ್.ಎಸ್.ಎಚ್. ಅನ್ನೇ ಲಸಿಕೆಯಂತೆ ಚುಚ್ಚಿ, ಮಂಗದ ದೇಹವೇ ಪ್ರತಿಕಾಯವನ್ನು ಮಾಡಿಕೊಳ್ಳುವಂತೆ ಮಾಡಿ, ವರ್ಷಗಟ್ಟಲೆ ನೋಡಿದ ವೃತ್ತಾಂತವು ೧೯೯೨ರಲ್ಲಿ ಹೊರಬಂತು. ಪುರುಷತ್ವದ ಸ್ರಾವಕ್ಕೆ ಕೊರತೆಯಿಲ್ಲ. ಹೆಣ್ಣುಗಳೊಡನೆ ಕೂಡಿದರೂ ಮರಿಯಾಗದು. ಲಸಿಕೆಯನ್ನು ನಿಲ್ಲಿಸಿದರೆ ಕಾಲಕ್ರಮದಲ್ಲಿ ಶಕ್ತಿಯು ಮರಳುವುದು. ಹುಟ್ಟಿದ ರೇತಾಣುಗಳೂ ಗುಣದಲ್ಲಿ ಕೆಳಮಟ್ಟದವಾಗಿದ್ದುವೆಂದು ಅವರು ಕಂಡರು. ಜರ್ಮನಿಯ ಮ್ಯೂನ್‌ಸ್ಟರ್ ನಗರದಲ್ಲಿ ಉತ್ತರದೇಶದ ರೀಸಸ್ ಮಂಗಗಳ ಮೇಲೆ ಇಂಥದೇ ಪರೀಕ್ಷೆಯನ್ನು ನಡೆಸಿದವರಿಗೆ ಇಷ್ಟು ಭರವಸೆ ಹುಟ್ಟಲಿಲ್ಲವೆಂಬುದನ್ನೂ ಹೇಳಿಬಿಡುವುದು ನ್ಯಾಯ.

ಬೆಂಗಳೂರಿನವರ ಉದ್ದೇಶವು ಬರಿಯ ಜಿಜ್ಞಾಸೆಯಾಗಿರಲಿಲ್ಲ. ಗಂಡಸು ತೆಗೆದುಕೊಳ್ಳಬಹುದಾದ, ಬೇಡವಾದಾಗ ಬಿಡಬಹುದಾದ ಒಂದು ಗರ್ಭನಿರೋಧಕ ಲಸಿಕೆಯು ಅವರ ಕಣ್ಣ ಮುಂದಿತ್ತು. ಅದರ ಅಗತ್ಯವೆಷ್ಟೆಂಬುದಕ್ಕೆ ಒಂದೇ ಲೆಕ್ಕ ಸಾಕು. ೨೦೧೯–೨೧ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ವಿವಾಹಿತ ದಂಪತಿಗಳಲ್ಲಿ ಹೆಂಗಸು ಸಂತಾನಹರಣ ಚಿಕಿತ್ಸೆಯನ್ನು ಮಾಡಿಸಿಕೊಂಡಿರುವುದು ನೂರಕ್ಕೆ ಸುಮಾರು ೩೮. ಗಂಡಸು ಮಾಡಿಸಿಕೊಂಡಿರುವುದು ನೂರಕ್ಕೆ ೦.೩. ಮಕ್ಕಳಾಗದಿದ್ದರೂ ಹೆಂಗಸಿನ ಹೊಣೆ, ಮಕ್ಕಳು ಸಾಕೆಂದರೂ ಹೆಂಗಸಿನ ಹೊಣೆ!

ಇನ್ನು ಸುಂಡಿಲಿಗಳ ಕಡೆಗೆ ಬರೋಣ. ಪ್ರತಿಕಾಯವು ಎಷ್ಟೇ ನಿಪುಣವಾಗಿದ್ದರೂ ರಕ್ತದಲ್ಲಿ ನಾಲ್ಕು ಕಣಗಳು ಕೈತಪ್ಪಿ ಉಳಿದಿರಬಹುದೆಂಬ ಶಂಕೆಯನ್ನು ತಪ್ಪಿಸಲಾಗದು. ಶುದ್ಧವಾದ ವ್ಯತಿರೇಕವು ಬೇಕಾದರೆ ಆ ದ್ರವ್ಯವನ್ನು ಮಾಡುವ ವಂಶವಾಹಿಯನ್ನೇ, ಚರಕನ ಮಾತಿನಲ್ಲಿ ಬೀಜಭಾಗವನ್ನೇ, ಕೆಡಿಸಬೇಕು. ೧೯೮೧ರಲ್ಲಿ ಕೇಂಬ್ರಿಜ್ಜಿನ ಮಾರ್ಟಿನ್ ಎವಾನ್ಸ್ ಮತ್ತು ಕಾಫ್‌ಮನ್ ಎಂಬವರು ಸುಂಡಿಲಿಯ ಎಳೆಯ ಭ್ರೂಣದಿಂದ ಕೆಲವು ಕೋಶಗಳನ್ನು ಹೊರತೆಗೆದು ಗಾಜಿನ ಪಾತ್ರೆಯಲ್ಲಿ ಬೆಳೆಯಿಸಿದರು. ಅವು ದೇಹದ ಯಾವ ಅಂಗವಾಗುವುದಕ್ಕೂ ಯೋಗ್ಯತೆಯುಳ್ಳ ಮೂಲಕೋಶಗಳು. ಅಮೆರಿಕದಲ್ಲಿ ಆಲಿವರ್ ಸ್ಮಿಥೀಸ್, ಮಾರಿಯೊ ಕಪೆಕ್ಕಿ ಎಂಬವರು ಜೀವಕೋಶದೊಳಗೆ ಹೊರಗಿನಿಂದ ಸೇರಿಸಿದ ವಂಶವಾಹಿಯ ತುಣುಕು ತನ್ನಂಥದೇ ಆದ ತುಣುಕನ್ನು ಹುಡುಕಿಕೊಂಡು ಹೋಗಿ ಅದರ ಸ್ಥಾನದಲ್ಲಿ ಕುಳಿತುಕೊಳ್ಳುವಂತೆ ಮಾಡಿದರು. ಹಳೆಯ ಓಲೆಗರಿಯ ಗ್ರಂಥದಲ್ಲಿ ಒಂದೇ ಒಂದು ಗರಿಯನ್ನು ತೆಗೆದು, ಅದೇ ಅಳತೆಯ, ಆದರೆ ನಡುವೆ ಅರ್ಥವಿಲ್ಲದ ಅಕ್ಷರಗಳನ್ನು ಬರೆದ ಬೇರೊಂದು ಗರಿಯನ್ನು ಸೇರಿಸಿ ಕಟ್ಟಿದಂತೆ ಈ ಕೆಲಸ. ಗ್ರಂಥವು ಹೊರಗಿನಿಂದ ನೋಡಲು ಮೊದಲಿನಂತೆಯೇ ಇರುವುದು. ಆ ಒಂದು ಪ್ರಕರಣ ಮಾತ್ರ ಓದಲು ಬಾರದು. ೧೯೮೯ರಲ್ಲಿ ಈ ರೀತಿಯಿಂದ ಹುಟ್ಟಿದ ಮೊದಲ ಸುಂಡಿಲಿಗಳ ವರದಿಗಳು ಬಂದವು. ಈ ಮೂವರಿಗೂ ೨೦೦೭ರಲ್ಲಿ ನೊಬೆಲ್ ಪಾರಿತೋಷಿಕವು ದೊರೆಯಿತು.

ಕ್ರಮವು ಹೀಗೆ. ಕಂದುಬಣ್ಣದ ತಳಿಯ ಮೂಲಕೋಶದಲ್ಲಿ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದನ್ನು ಕೆಡಿಸಿ, ಆ ಕೋಶಗಳನ್ನು ಕರಿಯ ತಳಿಯ ಭ್ರೂಣದೊಳಗೆ ಸೇರಿಸಿ, ತಾಯಿಲಿಯ ಗರ್ಭದಲ್ಲಿಡುತ್ತಾರೆ. ಸುಮಾರು ಇಪ್ಪತ್ತು ದಿನಗಳಲ್ಲಿ ಕಂದು ಕಪ್ಪು ಬೆರೆತ ಮರಿಗಳು ಹುಟ್ಟುತ್ತವೆ. ಅವುಗಳ ಸಂತತಿಯಲ್ಲಿ ಒಂದು ಪ್ರತಿ ಕೆಟ್ಟ, ಒಂದು ಪ್ರತಿ ನೆಟ್ಟಗಿರುವ ಮರಿಗಳನ್ನು ಆರಿಸಿ ತಮ್ಮತಮ್ಮೊಳಗೆ ಕೂಡಿಸಿದರೆ, ಮೆಂಡಲ್ ಪಾದ್ರಿಯು ಬಟಾಣಿ ಗಿಡಗಳಲ್ಲಿ ಕಂಡ ನಿಯಮದಂತೆ ನಾಲ್ಕರಲ್ಲಿ ಒಂದು ಮರಿಗೆ ಎರಡು ಪ್ರತಿಗಳೂ ಕೆಟ್ಟಿರುತ್ತವೆ. ಎರಡು ತಿಂಗಳಿಗೆ ಪ್ರಾಯಕ್ಕೆ ಬರುವ ಪ್ರಾಣಿಯಾದುದರಿಂದ ಇಷ್ಟೆಲ್ಲವೂ ಒಂದೆರಡು ವರ್ಷಗಳಲ್ಲಿ ಮುಗಿಯುತ್ತದೆ. ಈ ಕೆಲಸದಲ್ಲಿ ಸಾಯುವ ಪ್ರಾಣಿಗಳ ವಿಷಯವಾಗಿ ಓದುಗರಿಗೆ ಮನಸ್ಸು ಕಲಕಬಹುದು. ಬಸುರಿ ಕಪ್ಪೆಗೆ ಹಾವು ಹೆಡೆಯ ನೆರಳನ್ನು ಹಿಡಿದ ಸ್ಥಳವೆಂದು ತುಂಗಾತೀರದಲ್ಲಿ ಕಪ್ಪೆಶಂಕರವನ್ನು ತೋರಿಸುವ ಊರಿನವರಿಗಂತೂ ಕಲಕಲೇಬೇಕು. ಪ್ರಯೋಗಗಳಿಗೆ ಈಗ ಅನೇಕ ದೇಶಗಳಲ್ಲಿ ಕಟ್ಟಳೆಗಳಿವೆ. ಆದರೂ ವೆಚ್ಚವು ವೆಚ್ಚವೇ.

ಎಫ್.ಎಸ್.ಎಚ್. ಎಂಬುದು ಎರಡು ಎಳೆಗಳು ಕೂಡಿ ಆದ ದ್ರವ್ಯ. ಅವುಗಳಲ್ಲಿ ಒಂದು ಎಳೆಯು ಎಲ್.ಎಚ್. ಮೊದಲಾದ ಇತರ ಸ್ರಾವಗಳಿಗೂ ಸಮಾನವಾದುದು. ‘ಬೀಟಾ’ ಎಂಬ ಇನ್ನೊಂದು ಎಳೆಯು ಇದಕ್ಕೇ ವಿಶಿಷ್ಟವಾದುದು. ಹ್ಯೂಸ್ಟನ್ ನಗರದ ಬೇಯ್ಲರ್ ವೈದ್ಯಕೀಯ ಕಾಲೇಜಿನಲ್ಲಿ ಟಿ. ರಾಜೇಂದ್ರ ಕುಮಾರ್ ಮತ್ತು ಮಾರ್ಟಿನ್ ಮಾಟ್‌ಜುಕ್ ಎಂಬವರು ತಮ್ಮ ಸಂಗಡಿಗರೊಡನೆ ಈ ಬೀಟಾ ಎಳೆಯ ವಂಶವಾಹಿಯನ್ನು ಸುಂಡಿಲಿಗಳಲ್ಲಿ ಕೆಡಿಸಿ ಅದರ ಫಲವನ್ನು ೧೯೯೭ರ ಫೆಬ್ರವರಿಯಲ್ಲಿ ಪ್ರಕಟಿಸಿದರು. ಮರಿಗಳು ಗರ್ಭದಲ್ಲಿ ಸಾಯಲಿಲ್ಲ. ನೋಡುವುದಕ್ಕೆ ಇತರ ಮರಿಗಳಂತೆಯೇ ಇದ್ದವು. ಆದುದರಿಂದ ಗರ್ಭಸ್ಥ ಶಿಶುವಿನ ಬೆಳೆವಣಿಗೆಗೆ ಇದು ಅವಶ್ಯಕವಲ್ಲವೆಂದು ಮೊದಲು ಸಿದ್ಧವಾಯಿತು. ಪ್ರಾಯಕ್ಕೆ ಬಂದ ಮೇಲೆ ಭೇದವು ಹೊರಬಿದ್ದಿತು. ಹೆಣ್ಣುಗಳು ಒಂದೂ ಮರಿಹಾಕಲಿಲ್ಲ. ಅಂಡಾಶಯವನ್ನು ನೋಡಿದರೆ ಪುಟಕಗಳು ಹುಟ್ಟಿ, ಒಂದು ಹಂತದವರೆಗೆ ಬೆಳೆದು, ಒಳಗೆ ನೀರುತುಂಬಿ ಹಿಗ್ಗಬೇಕಾದ ಹಂತಕ್ಕೆ ಸ್ವಲ್ಪ ಮೊದಲೇ ನಿಂತುಬಿಟ್ಟಿದ್ದವು. ಗರ್ಭಾಶಯವು ಎಳೆಯಂತೆ ಸಣ್ಣದಾಗಿತ್ತು. ಗಂಡುಗಳಲ್ಲಿ ವೃಷಣಗಳು ಚಿಕ್ಕವು, ರೇತಾಣುಗಳು ಕಡಮೆ. ಆದರೂ ಅವು ಹೆಣ್ಣುಗಳೊಡನೆ ಕೂಡಿ ಮರಿಗಳನ್ನು ಪಡೆದವು! ಪ್ರಬಂಧದ ಶೀರ್ಷಿಕೆಯಲ್ಲಿಯೇ ಅವರು ಅಂಡಪುಟಕದ ಪಕ್ವತೆಗೆ ಇದು ಬೇಕು, ಗಂಡಿನ ಸಂತಾನಶಕ್ತಿಗೆ ಬೇಡ ಎಂದು ಸಾರಿದರು. ಮರುವರ್ಷ ಮನುಷ್ಯನ ಎಫ್.ಎಸ್.ಎಚ್. ವಂಶವಾಹಿಯನ್ನು ಇದೇ ತಳಿಯ ಸುಂಡಿಲಿಗಳಿಗೆ ಸೇರಿಸಿ ಕೊರತೆಯನ್ನು ನೀಗಿಸಬಹುದೆಂದೂ ತೋರಿಸಿದರು. ವ್ಯತಿರೇಕದ ಮೇಲೆ ಅನ್ವಯವೂ ದೊರೆತಂತಾಯಿತು.

ಸ್ರಾವವು ಬಂದು ತಟ್ಟುವ ಬಾಗಿಲು ಒಂದಿರಬೇಕಷ್ಟೆ. ಅದಕ್ಕೆ ಗ್ರಾಹಕವೆಂದು ಹೆಸರು. ಆ ಗ್ರಾಹಕದ ವಂಶವಾಹಿಯನ್ನು ಕೆಡಿಸಿದ ಸುಂಡಿಲಿಗಳ ವೃತ್ತಾಂತವು ೧೯೯೮ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬುರ್ಗಿನಿಂದ ಬಂದಿತು. ಅದನ್ನು ಬರೆದವರಲ್ಲಿ, ಆ ಕಾಲಕ್ಕೆ ಕೆನಡದ ಮಾಂಟ್ರಿಯಲ್‌ನಲ್ಲಿ ನೆಲೆಸಿದ್ದ, ಹಿಂದೆ ಬೆಂಗಳೂರಿನಲ್ಲಿ ಮೌದ್ಗಲ್ ಅವರ ಜೊತೆಗಿದ್ದ ಅದೇ ಸಾಯಿರಾಮ್ ಒಬ್ಬರು. ಇಲ್ಲಿಯೂ ಹೆಣ್ಣುಗಳು ವಂಧ್ಯೆಯರು, ಗಂಡುಗಳು ಕುಂದಿದ ಶಕ್ತಿಯುಳ್ಳವಾದರೂ ಮರಿಗಳನ್ನು ಪಡೆಯತಕ್ಕವು. ಆದರೆ ಮಾಂಟ್ರಿಯಲ್‌ನಲ್ಲಿ ಆ ತಳಿಯನ್ನು ಬಿಡದೆ ಪರೀಕ್ಷಿಸುತ್ತ ಹೋದಾಗ ಹೆಚ್ಚಿನ ಸಂಗತಿಗಳು ಕಂಡುಬಂದವು. ಗಂಡುಮರಿಗಳು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು. ರೇತಾಣುಗಳು ಸಂಖ್ಯೆಯಲ್ಲಿ ಮಾತ್ರವಲ್ಲ, ಗುಣದಲ್ಲಿಯೂ ಇಳಿದಿದ್ದವು. ಹೆಣ್ಣುಗಳು ವಯಸ್ಸಾದಂತೆ ಕೊಬ್ಬಿ, ಅವು ಮೂಳೆಯ ವಿಕಾರಗಳಿಗೂ ಗುರಿಯಾದವು. ಒಂದು ಪ್ರತಿ ಮಾತ್ರ ಕೆಟ್ಟ ಹೆಣ್ಣುಗಳೂ ಕಾಲಕ್ಕೆ ಮುಂಚೆಯೇ ಮರಿಹಾಕುವುದನ್ನು ನಿಲ್ಲಿಸಿದವು. ಈ ಕೆಲಸದಲ್ಲಿ ಬೆಂಗಳೂರಿನಿಂದಲೇ ಹೋಗಿದ್ದ ಎಚ್. ಕೃಷ್ಣಮೂರ್ತಿಯವರ ಕೈಯೂ ಇತ್ತು.

ಈಗ ವಿವಾದವನ್ನು ನೋಡೋಣ. ನೈಯಾಯಿಕನು ಕೇಳುವನು: ಕಾರಣವೆಂದು ನೀವು ಹೇಳುವುದು ಇಲ್ಲದಿದ್ದರೂ ಕಾರ್ಯವು ಕಂಡಿತಲ್ಲ? ಇದಕ್ಕೆ ವ್ಯತಿರೇಕವ್ಯಭಿಚಾರವೆಂದು ಹೆಸರು. ಇದು ಬಂದ ಕೂಡಲೇ ಕಾರಣತ್ವವು ಬಿದ್ದುಹೋಗುವುದು. ಬೆಂಗಳೂರಿನ ಮಂಗಗಳ ವೃತ್ತಾಂತವನ್ನು ಹಲವರು ಹೀಗೆಯೇ ತಳ್ಳಿಬಿಟ್ಟರು. ಗಡಿಗೆಯನ್ನು ಮಾಡುವಲ್ಲಿ ಕುಂಬಾರ, ಚಕ್ರ, ಮಣ್ಣು ಇವು ಕಾರಣಗಳು. ಮಣ್ಣನ್ನು ಹೊತ್ತುತಂದ ಕತ್ತೆಯು ಅನ್ಯಥಾಸಿದ್ಧವೆಂದು ತರ್ಕದ ಬಾಲಪಾಠ. ಗಂಡಿನಲ್ಲಿ ಎಫ್.ಎಸ್.ಎಚ್. ಎಂಬುದು ಕುಂಬಾರನ ಕತ್ತೆಯೆಂಬುದೇ ಅವರ ತೀರ್ಮಾನವಾಯಿತು.

ಆದರೆ ಕತ್ತೆಯಿಲ್ಲದ ಕುಂಬಾರನು ಮಣ್ಣನ್ನು ತಲೆಯ ಮೇಲೆ ಹೊತ್ತು ತರಬೇಕು. ಗಡಿಗೆಗಳು ಆಗುತ್ತವೆ, ಕಡಮೆ ಆಗುತ್ತವೆ. ಸುಂಡಿಲಿಯ ವೃಷಣದಲ್ಲಿ ನಡೆಯುವುದು ಹೆಚ್ಚುಕಡಮೆ ಇದೇ. ರೇತಾಣುಗಳನ್ನು ಪೋಷಿಸುವ ಧಾತ್ರೀಕೋಶಗಳು ಅಲ್ಲಿವೆ; ೧೮೬೫ರಲ್ಲಿ ಅವುಗಳನ್ನು ವರ್ಣಿಸಿದ ಇಟಲಿಯ ಸೆರ್ಟೋಲಿ ಎಂಬವನ ಹೆಸರಿನಿಂದ ಪ್ರಸಿದ್ಧವಾಗಿವೆ. ಒಂದೊಂದು ಧಾತ್ರಿಯು ಸಾಕಬಲ್ಲ ರೇತಾಣುಗಳಿಗೆ ಮಿತಿಯುಂಟು. ಹುಟ್ಟಿದ ಸುತ್ತಿನ ದಿನಗಳಲ್ಲಿ ಈ ಧಾತ್ರಿಗಳನ್ನು ಹೆಚ್ಚಿಸುವುದು ಎಫ್.ಎಸ್.ಎಚ್. ಅದಿಲ್ಲದೆ ಹುಟ್ಟಿದ ಸುಂಡಿಲಿಯಲ್ಲಿ ಧಾತ್ರಿಗಳು ಕಡಮೆ, ವೃಷಣವು ಚಿಕ್ಕದು, ಫಸಲು ಅಲ್ಪ. ಆದರೆ ಸುಂಡಿಲಿಗೆ ಅಲ್ಪವೇ ಸಾಕಷ್ಟಾಗುವುದು. ಮಂಗಗಳಲ್ಲಿಯೂ ಮನುಷ್ಯರಲ್ಲಿಯೂ ಬಾಲ್ಯವು ದೀರ್ಘ; ಧಾತ್ರಿಗಳು ಶೈಶವದಲ್ಲೊಮ್ಮೆ, ಪ್ರಾಯಕ್ಕೆ ಬರುವ ಮುನ್ನ ಇನ್ನೊಮ್ಮೆ ಹೆಚ್ಚುತ್ತವೆ. ಮನುಷ್ಯನ ವೀರ್ಯದಲ್ಲಿ ರೇತಾಣುಗಳ ಸಂಖ್ಯೆಗೂ ಸಂತಾನಕ್ಕೂ ಇರುವ ಅಂತರವು ಸುಂಡಿಲಿಯಲ್ಲಿರುವಷ್ಟು ಧಾರಾಳವಾದುದಲ್ಲ.

ಮತ್ತೊಂದು ಭೇದವಿದೆ, ನನ್ನ ಅಭಿಪ್ರಾಯದಲ್ಲಿ ಮುಖ್ಯವಾದುದು ಅದೇ. ಬೆಂಗಳೂರಿನವರು ಎಫ್.ಎಸ್.ಎಚ್. ಇದ್ದುಕೊಂಡೇ ಬೆಳೆದು ನಿಂತ ಮಂಗದಿಂದ ಅದನ್ನು ಕಿತ್ತುಕೊಂಡರು. ಹ್ಯೂಸ್ಟನ್ನಿನವರು ಅದನ್ನು ಎಂದೂ ಕಾಣದ ದೇಹವನ್ನು ಹುಟ್ಟಿಸಿದರು. ಮಾವುತನಿಲ್ಲದೆ ಬೆಳೆದ ಕಾಡಾನೆಗೂ, ನಡುದಾರಿಯಲ್ಲಿ ಮಾವುತನನ್ನು ಕಳೆದುಕೊಂಡ ಸಾಕಾನೆಗೂ ನಡತೆಯಲ್ಲಿ ಭೇದವಿಲ್ಲವೆ? ನಮ್ಮ ಶಾಸ್ತ್ರಕಾರರು ಅಭಾವವನ್ನು ವಿಂಗಡಿಸುವಾಗ ಪ್ರಧ್ವಂಸಾಭಾವವನ್ನೂ ಅತ್ಯಂತಾಭಾವವನ್ನೂ ಬೇರೆಬೇರೆ ಇಟ್ಟಿದ್ದಾರೆ: ಇದ್ದುದು ನಾಶವಾದುದು ಒಂದು, ಎಂದೂ ಇಲ್ಲದಿರುವುದು ಇನ್ನೊಂದು. ಮಂಗಗಳಲ್ಲಿ ಪರೀಕ್ಷಿಸಿದ್ದು ಮೊದಲನೆಯದನ್ನು, ಸುಂಡಿಲಿಗಳಲ್ಲಿ ಎರಡನೆಯದನ್ನು. ಎರಡಕ್ಕೂ ಒಂದೇ ಉತ್ತರ ಬರಬೇಕೆಂಬ ನಿರ್ಬಂಧವು ಎಲ್ಲಿಂದ ಬಂತು? ಹಾಗಾದುದರಿಂದ ಸುಂಡಿಲಿಯು ಮಂಗವನ್ನು ಸುಳ್ಳುಮಾಡಿತೆಂಬ ಮಾತು ಅವಸರದ್ದು.

ಪ್ರಕೃತಿಯೇ ಕೆಡಿಸಿದ ಬೀಜಭಾಗಗಳು ಮನುಷ್ಯರಲ್ಲಿಯೂ ಸಿಕ್ಕಿದವು. ಫಿನ್ಲೆಂಡಿನಲ್ಲಿ ಅಂಡಾಶಯವು ಕೆಲಸಮಾಡದ ಹೆಂಗಸರಿದ್ದ ಕೆಲವು ಕುಟುಂಬಗಳಲ್ಲಿ ಗ್ರಾಹಕದ ವಂಶವಾಹಿಯು ಕೆಟ್ಟಿರುವುದನ್ನು ೧೯೯೫ರಲ್ಲಿ ಕಂಡುಹಿಡಿದರು. ಅದೇ ಕುಟುಂಬಗಳಲ್ಲಿ ಎರಡು ಪ್ರತಿಗಳೂ ಕೆಟ್ಟಿದ್ದ ಐವರು ಗಂಡಸರನ್ನು ಪರೀಕ್ಷಿಸಿದ ವರದಿಯು ೧೯೯೭ರಲ್ಲಿ, ಹ್ಯೂಸ್ಟನ್ನಿನ ಸುಂಡಿಲಿಗಳ ವರದಿ ಬಂದ ಸಂಚಿಕೆಯಲ್ಲಿಯೇ, ಅದರ ಮುಂದಿನ ಪುಟಗಳಲ್ಲಿ ಪ್ರಕಟವಾಯಿತು. ಐವರಲ್ಲಿಯೂ ರೇತಾಣುಗಳು ಒಂದಲ್ಲ ಒಂದು ರೀತಿಯಿಂದ ಕುಂದಿದ್ದವು, ಯಾರಲ್ಲಿಯೂ ಪೂರ್ಣವಾಗಿ ಇಲ್ಲದೆ ಹೋಗಿರಲಿಲ್ಲ. ಇಬ್ಬರಿಗೆ ಮಕ್ಕಳೂ ಇದ್ದರು. ಸುಂಡಿಲಿಯ ಪಕ್ಷವು ಗೆದ್ದಂತೆ ತೋರಿತು. ಆದರೆ ೧೯೯೮ರಲ್ಲಿ ಇಸ್ರೇಲಿನಲ್ಲಿ ಒಬ್ಬನೂ ಸ್ವೀಡನ್ನಿನಲ್ಲಿ ಒಬ್ಬನೂ ಸಿಕ್ಕಿದರು. ಇವರಲ್ಲಿ ಕೆಟ್ಟಿದ್ದುದು ಗ್ರಾಹಕವಲ್ಲ, ಎಫ್.ಎಸ್.ಎಚ್. ಸ್ರಾವದ ಬೀಟಾ ಎಳೆಯೇ, ಎಂದರೆ ಹ್ಯೂಸ್ಟನ್ನಿನಲ್ಲಿ ಕೆಡಿಸಿದ್ದ ಅದೇ ಭಾಗ. ಇಬ್ಬರ ವೀರ್ಯದಲ್ಲಿಯೂ ರೇತಾಣುವೇ ಇರಲಿಲ್ಲ! ಫಿನ್ಲೆಂಡಿನವರಲ್ಲಿ ಕೆಟ್ಟ ಗ್ರಾಹಕವು ಎಳ್ಳಷ್ಟು ಕೆಲಸವನ್ನಾದರೂ ಮಾಡುತ್ತಿದ್ದಿರಬಹುದೆಂದು ಕೆಲವರು ಸಮಾಧಾನ ಹೇಳುತ್ತಾರೆ. ಅಂತೂ ಸುಂಡಿಲಿಗೆ ಹೊಂದಿದುದೆಲ್ಲ ಮನುಷ್ಯನಿಗೆ ಹೊಂದಲೇಬೇಕೆಂಬ ಪಕ್ಷಕ್ಕೆ ಇವರಿಬ್ಬರೇ ಸಾಕಷ್ಟು ಪ್ರತ್ಯುತ್ತರ.

೧೯೯೭ರಲ್ಲಿಯೇ ಮೌದ್ಗಲ್ ಅವರ ಕಡೆಯಿಂದ ಇನ್ನೂ ಎರಡು ಪ್ರಬಂಧಗಳು ಬಂದವು. ಒಂದರಲ್ಲಿ ಸಾಯಿರಾಮ್ ಅವರೊಡನೆ ಕೂಡಿ, ಗ್ರಾಹಕದ ತುಣುಕನ್ನೇ ಲಸಿಕೆಯಾಗಿ ಕೊಟ್ಟರೂ ಗಂಡುಮಂಗಗಳ ಸಂತಾನಶಕ್ತಿಯು ಕುಂದುವುದೆಂದು ತೋರಿಸಿದರು. ಇನ್ನೊಂದರಲ್ಲಿ ಸ್ವಸಂತೋಷದಿಂದ ಮುಂದೆ ಬಂದ ಐವರು ಗಂಡಸರಿಗೆ ಕುರಿಯ ಎಫ್.ಎಸ್.ಎಚ್. ಲಸಿಕೆಯನ್ನು ಕೊಟ್ಟ ವೃತ್ತಾಂತವಿತ್ತು. ಪ್ರತಿಕಾಯಗಳು ಹುಟ್ಟಿದವು, ಹೇಳತಕ್ಕ ಕೇಡೇನೂ ಆಗಲಿಲ್ಲ, ರೇತಾಣುಗಳು ಇಳಿದವು. ಆದರೆ ಗರ್ಭವು ನಿಲ್ಲದೆಂದು ಭರವಸೆ ಕೊಡುವಷ್ಟು ಇಳಿಯಲಿಲ್ಲ. ಒಂದೇ ವರ್ಷದಲ್ಲಿ ಸುಂಡಿಲಿಗಳ ಸುದ್ದಿಯೂ ಲೋಕದಲ್ಲೆಲ್ಲ ಹರಡಿದುದರಿಂದ ಈ ಲಸಿಕೆಯನ್ನು ಮುಂದಕ್ಕೊಯ್ಯುವ ಉತ್ಸಾಹವು ತಗ್ಗಿತು. ಎಫ್.ಎಸ್.ಎಚ್. ತಡೆಯುವ ಯಾವ ಲಸಿಕೆಯೂ ಇಂದಿನವರೆಗೆ ಗಂಡಸರ ಬಳಕೆಗೆ ಬಂದಿಲ್ಲ. ನಮ್ಮ ತೋಟದ ಮಂಗಗಳಿಗೂ ಬಂದಿಲ್ಲ. ಹಿಮಾಚಲ ಪ್ರದೇಶದಲ್ಲಿ ಮಂಗಗಳಿಗೆ ಮಾಡುತ್ತಿರುವುದು ಶಸ್ತ್ರಚಿಕಿತ್ಸೆಯನ್ನು.

ಫಿನ್ಲೆಂಡಿನ ಆ ಹೆಂಗಸರ ಕಡೆಗೆ ಮತ್ತೊಮ್ಮೆ ತಿರುಗೋಣ. ಅವರ ಅಂಡಾಶಯವು ಬೆಳೆಯದಿರಲು ವಂಶವಾಹಿಯ ಎರಡು ಪ್ರತಿಗಳೂ ಕೆಟ್ಟಿರಬೇಕು. ಎರಡರಲ್ಲಿ ಒಂದು ತಾಯಿಯಿಂದ ಬಂದುದು, ಇನ್ನೊಂದು ತಂದೆಯಿಂದ. ಒಂದೇ ಕೆಟ್ಟ ಪ್ರತಿಯುಳ್ಳ ಆ ತಂದೆಗೆ ಯಾವ ಕೊರತೆಯೂ ಕಾಣಲಿಲ್ಲ. ಎರಡು ಕೆಟ್ಟ ಪ್ರತಿಗಳುಳ್ಳ ಅಣ್ಣತಮ್ಮಂದಿರಲ್ಲಿ ಇಬ್ಬರು ಮಕ್ಕಳನ್ನೆತ್ತಿಕೊಂಡರು. ಅಕ್ಕತಂಗಿಯರು ಮಾತ್ರ ವಂಧ್ಯೆಯರೆನಿಸಿಕೊಂಡರು. ಅವರಿಗೆ ಎಫ್.ಎಸ್.ಎಚ್. ಚುಚ್ಚಿದರೂ ಪ್ರಯೋಜನವಿಲ್ಲ, ತಟ್ಟಬೇಕಾದ ಬಾಗಿಲೇ ಮುಚ್ಚಿದೆ. ಬಾಗಿಲು ನೆಟ್ಟಗಿದ್ದು ತಟ್ಟುವ ಕೈಯಿಲ್ಲದವರ ಮಾತು ಬೇರೆ. ಬೀಟಾ ಎಳೆಯು ಕೆಟ್ಟು ಎಂದೂ ಮೈನೆರೆಯದಿದ್ದ ಇಟಲಿಯ ಒಬ್ಬ ಹೆಂಗಸಿನ ವೃತ್ತಾಂತವು ೧೯೯೩ರಲ್ಲಿ, ಸುಂಡಿಲಿಗಳಿಗಿಂತ ನಾಲ್ಕು ವರ್ಷ ಮೊದಲೇ, ಅಚ್ಚಾಗಿತ್ತು. ಆಕೆಗೆ ಹೊರಗಿನಿಂದ ಎಫ್.ಎಸ್.ಎಚ್. ಕೊಟ್ಟರು. ಪುಟಕವು ಬೆಳೆಯಿತು, ಅಂಡವು ಹೊರಬಂತು, ಆಕೆ ಬಸುರಾದಳು.